ಕರಿ ಕುರಿಯ ಚೀಟಿ

ಎರಡು ಸಾವಿರದ ಇಸವಿಯ ಚಳಿಗಾಲ, ಒಂದು ಶನಿವಾರ ಮಧ್ಯಾಹ್ನ. ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನ ಒಂದು ಶಾಲೆಯ ಸಭಾಂಗಣದಲ್ಲಿ, ವೇದಿಕೆಯ ಎಡಗಡೆಯ ಕಂಬದ ಪಕ್ಕ ನಾನು ನಿಂತಿದ್ದೆ. ಅಲ್ಲಿಂದ ಮಕ್ಕಳ ಮುಖವೂ ಕಾಣುತ್ತಿತ್ತು, ಪಾಲಕರ ಮೊದಲ ಸಾಲೂ ಕಾಣುತ್ತಿತ್ತು.

ನಾನು ಆಗ ಖಾನಾಪುರದಲ್ಲಿ ಇಂಗ್ಲಿಷ್ ಮಾಸ್ತರ. ನುಡಿಗಟ್ಟುಗಳನ್ನು ಆಟವಾಡಿಸಿ ಕಲಿಸಬೇಕು, ಮಗುವಿನ ಬದುಕಿಗೆ ಜೋಡಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಒಬ್ಬರು ನುಡಿಗಟ್ಟಿನ ಚೀಟಿ ಎತ್ತುವುದು, ಉಳಿದವರು ಅರ್ಥ ಬರೆದ ಹಲಗೆ ಹಿಡಿದು ನಿಲ್ಲುವುದು. ಚೀಟಿ ಎತ್ತಿದವರು ಓಡಿ ಸರಿಯಾದ ಹಲಗೆ ಮುಟ್ಟಬೇಕು. ಈ ಆಟದಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಸೋಲಿಸುವವರಿರಲಿಲ್ಲ. ಕುರಿ ಸಾಕುವ ಮನೆಯವಳು. ‘ಬ್ಲ್ಯಾಕ್ ಶೀಪ್’, ಅಂದರೆ ಕರಿ ಕುರಿ, ಇಂಗ್ಲಿಷಿನಲ್ಲಿ ಮನೆತನದ ಮಾನ ಕಳೆದವನು ಎಂದು ನಾನು ಹೇಳಿದಾಗ ಅವಳು ನಕ್ಕಿದ್ದಳು.

“ನಮ್ಮ ಹಿಂಡೆಲ್ಲಾ ಕರೀದ ಐತ್ರೀ ಸರ. ಇಂಗ್ಲಿಷ್ ಕುರಿ ಬ್ಯಾರೇನ ಇರಬೇಕು.”

ನಕ್ಕು, ಸರಿಯಾದ ಹಲಗೆಯನ್ನೇ ಮುಟ್ಟಿದ್ದಳು.

ಕ್ಯಾಂಪಿನ ಆ ಶಾಲೆಯವರು ಇದೇ ಆಟದ ಸ್ಪರ್ಧೆ ಇಟ್ಟಿದ್ದರು. ಗೆದ್ದವರಿಗೆ ಅಲ್ಲೇ ಹತ್ತನೇ ತರಗತಿಯವರೆಗೆ ಊಟ, ವಸತಿ, ಓದು ಎಲ್ಲ ಉಚಿತ. ಅವಳ ಅಪ್ಪ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಬಂದಿದ್ದ. ಅದನ್ನು ಹೊರಗಿಡಲು ಕಾವಲುಗಾರ ಹೇಳಿದ.

“ಎಲ್ಲಾರೂ ಕೋಟ್ ಹಾಕ್ಕೊಂಡ ಕುಂತಾರ. ನನ್ನ ಕೋಟ್ ಇದ ಐತಿ,” ಎಂದು ಹೇಳಿ ಆತ ಮೊದಲ ಸಾಲಿನಲ್ಲೇ ಕುಳಿತ.

ಕೊನೆಗೆ ಇಬ್ಬರು ಸಮನಾಗಿ ಉಳಿದರು, ನಮ್ಮ ಹುಡುಗಿ ಮತ್ತು ಕ್ಯಾಂಪಿನ ಒಬ್ಬ ಹುಡುಗ. ಕಡೆಯ ಚೀಟಿ ಅವಳದು. ಆಟ ನಡೆಸುತ್ತಿದ್ದ ಶಿಕ್ಷಕಿ, “ಪಾಲಕರಿಗೂ ತಿಳೀಲಿ, ಕನ್ನಡದಾಗ ಗಟ್ಟಿಯಾಗಿ ಹೇಳವಾ” ಎಂದರು.

“ಕರಿ ಕುರಿ,” ಎಂದಳು.

“ನಮ್ಮೂವ ಕುರಿ ಅವು!” ಎಂದು ಅಪ್ಪ ಪಕ್ಕದವರಿಗೆ ಹೇಳಿದ್ದು ಸಭೆಗೆಲ್ಲ ಕೇಳಿಸಿತು. ಜನ ನಕ್ಕರು. ಆತನೂ ನಕ್ಕ.

ಅವಳು ಅಪ್ಪನ ಕಡೆ ನೋಡಿದಳು. ಸರಿಯಾದ ಅರ್ಥದ ಹಲಗೆ ಹಿಡಿದಿದ್ದ ಹುಡುಗಿ ಅದನ್ನು ಸ್ವಲ್ಪ ಎತ್ತಿದಳು. ನಮ್ಮವಳು ಅದನ್ನು ಓದಿದಳು. ಓದಿದ್ದನ್ನು ನಾನು ಕಂಡೆ. ಆಮೇಲೆ ಅದನ್ನು ದಾಟಿ ಹೋಗಿ ಬೇರೊಂದು ಹಲಗೆ ಮುಟ್ಟಿದಳು.

“ಮನಿತನಕ್ಕ ಹೆಸರ ತಂದಾಂವ,” ಎಂದು ಗಟ್ಟಿಯಾಗಿ ಹೇಳಿದಳು.

ಚಪ್ಪಾಳೆ ಒಂದೇ ಕಡೆಯಿಂದ ಬಂತು, ಕಂಬಳಿಯ ಕಡೆಯಿಂದ. ಸೀಟು ಆ ಹುಡುಗನಿಗೆ ಹೋಯಿತು.

ತೀರ್ಪುಗಾರರು ನನ್ನನ್ನು ಕರೆದು, “ಮಾಸ್ತರ್ರ, ಬರೇ ಬಾಯಿಪಾಠ ಮಾಡಿಸಿದ್ರ ಹಿಂಗ ಆಕ್ಕೈತಿ. ಬದುಕಿಗೆ ಜೋಡ್ಸಿ ಕಲಸ್ರಿ” ಎಂದರು. ಆಗಲಿ ಎಂದೆ.

ಖಾನಾಪುರದ ಬಸ್ಸಿನಲ್ಲಿ ಅಪ್ಪ ಕೇಳಿದ: “ಸೀಟ ಯಾಕ ಸಿಗಲಿಲ್ರೀ ಸರ?”

“ಒಂದ ಉತ್ತರ ತಪ್ಪಿತ್ರೀ.”

“ಅದ್ಯಾವದ ಇದ್ದೀತು? ಕುರೀದಂತೂ ಪಸಂದ ಹೇಳಿದ್ಲು.”

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು, “ಹೌದ್ರೀ, ಅದು ಪಸಂದ” ಎಂದೆ.

ತೀರ್ಪುಗಾರರು ಈಗ ಇಲ್ಲ. ಅಪ್ಪನೂ ತೀರಿಕೊಂಡ, ಮಗಳು ಸೋತದ್ದು ಬೇರೆ ಯಾವುದೋ ಚೀಟಿಗೆ ಎಂದುಕೊಂಡೇ. ಅವಳು ಸರಿಯಾದ ಹಲಗೆ ಓದಿದ್ದನ್ನು ಬಲ್ಲವರು ನನ್ನ ಬಿಟ್ಟರೆ ಇಬ್ಬರು. ಹಲಗೆ ಎತ್ತಿದ ಹುಡುಗಿ ಬೆಳಗಾವಿಯ ರವಿವಾರ ಪೇಟೆಯಲ್ಲಿ ಗಂಡನ ಅಂಗಡಿ ನೋಡಿಕೊಳ್ಳುತ್ತಾಳೆ, ನನ್ನನ್ನು ಕಂಡಾಗಲೆಲ್ಲ, “ಆಕಿ ನನ್ನ ಹಲಗಿ ಓದಿದ್ಲಲ್ರೀ ಸರ?” ಎನ್ನುತ್ತಾಳೆ. ಇನ್ನೊಬ್ಬಳು ನಮ್ಮವಳೇ, ಹಲಸಿಯ ಕಡೆಗೆ ಮದುವೆಯಾಗಿ ಹೋದವಳು. ಅವಳನ್ನು ನಾನು ಕೇಳಿಲ್ಲ.