ಒಂದು ಹಿಡಿ ಏಲಕ್ಕಿ

ಗ್ವಾಟೆಮಾಲಾಕ್ಕೆ ನಾನು ಹೋದದ್ದು ಒಂದು ಜಗಳ ಗೆಲ್ಲುವುದಕ್ಕೆ. ಊರು ನೋಡಲು ಹೋಗಿದ್ದೆವು ಎಂದು ಆಗ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ, ಅದು ಸುಳ್ಳು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಅಮೆರಿಕದಲ್ಲಿ, ಡಿಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ನಮ್ಮ ಯಜಮಾನರು ಕಾರು ಕಂಪನಿಯ ಎಂಜಿನಿಯರ್. ಅವರ ಪಕ್ಕದ ಡೆಸ್ಕಿನಲ್ಲಿ ಗ್ವಾಟೆಮಾಲಾದವನೊಬ್ಬ ಕೂರುತ್ತಿದ್ದ. ಒಂದು ದಿನ ನಾನು ಡಬ್ಬಿಗೆ ಹಾಕಿ ಕಳಿಸಿದ ಶ್ಯಾವಿಗೆ ಪಾಯಸದಲ್ಲಿ ಇವರು ಅವನಿಗೂ ಸ್ವಲ್ಪ ಕೊಟ್ಟರಂತೆ. ಅವನು ಬಾಯಿಗಿಡುವ ಮೊದಲೇ ಮೂಸಿ ನೋಡಿ, ಇದು ನಮ್ಮ ಚಿಕ್ಕಮ್ಮನ ಮನೆ ಅಂಗಳದ ವಾಸನೆ ಅಂದುಬಿಟ್ಟನಂತೆ.

ಸಂಜೆ ಇವರು ಬಂದು ಅದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಏಲಕ್ಕಿ ನಮ್ದು ಕಣ್ರೀ! ಅವನ ಚಿಕ್ಕಮ್ಮನ ಅಂಗಳಕ್ಕೆ ಎಲ್ಲಿಂದ ಬರುತ್ತೆ? ಬೇರೆ ಯಾವ್ದೋ ಸೊಪ್ಪಿರಬೇಕು."

ಇವರು ಧಾರವಾಡದ ಕಡೆಯವರು. ಎದುರು ನಿಂತು ಜಗಳವಾಡುವುದಿಲ್ಲ, ಉರಿಯುವ ಬೆಂಕಿಗೆ ಒಂದು ಹನಿ ಎಣ್ಣೆ ಹಾಕಿ ಸುಮ್ಮನಾಗುತ್ತಾರೆ. "ಏಲಕ್ಕಿ ಏನು ನಿಮ್ಮ ತವರುಮನೀದೇನ? ಎಲ್ಲಿ ಬೆಳೀತದೋ ಅಲ್ಲಿದು," ಎಂದು ಬೂಟು ಬಿಚ್ಚತೊಡಗಿದರು.

ತವರುಮನೆ ಎಂಬ ಮಾತು ಬಂದರೆ ಆಗ ನನಗೆ ತಡೆಯುತ್ತಿರಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಧಡಧಡ ಎಂದು ತೊಳೆದೆ. ಯಾಕೆ ಅಷ್ಟು ಸಂಕಟ ಎಂದು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಅಮೆರಿಕಕ್ಕೆ ಹೊರಟ ದಿನ ಬೆಂಗಳೂರಿನ ಮನೆಯಲ್ಲಿ ಅಮ್ಮ ಮಣೆ ಹಾಕಿ ಕೂರಿಸಿ ಮಡಿಲು ತುಂಬಿದಳು. ಸೆರಗಿಗೆ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅಚ್ಚು ಬೆಲ್ಲ, ವೀಳ್ಯದೆಲೆ. ತುಂಬಿಸಿಕೊಂಡ ಮಗಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ಅಮ್ಮನ ತಟ್ಟೆಗೆ ಮರಳಿ ಹಾಕಬೇಕು. ತವರು ಬರಿದಾಗದಿರಲಿ, ನಾನು ಮತ್ತೆ ಬರುತ್ತೇನೆ ಎಂದು ಅದರ ಅರ್ಥ. ಉಳಿದದ್ದನ್ನು ಕಟ್ಟಿಕೊಂಡು ಗಂಡನ ಮನೆಗೆ ಹೋಗಬೇಕು. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಆವತ್ತು ನನ್ನ ತಲೆಯಲ್ಲಿ ಇದ್ದದ್ದು ಇಪ್ಪತ್ತು ಕಿಲೋ. ವಿಮಾನದವರು ಅಷ್ಟೇ ಬಿಡುವುದು ಎಂದು ಪಕ್ಕದ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಬೆಳಗಿನಿಂದ ಮೂರು ಸಲ ಪೆಟ್ಟಿಗೆ ತೂಗಿದ್ದೆ. ಹುಳಿಪುಡಿಗೆ ಜಾಗ ಮಾಡಲು ಎರಡು ಸೀರೆ ತೆಗೆದಿಟ್ಟಿದ್ದೆ. ಅಂಥದರಲ್ಲಿ ಈ ಅಕ್ಕಿ!

"ಅಲ್ಲಮ್ಮ, ಅಕ್ಕಿ ಹೊತ್ಕೊಂಡು ಅಮೆರಿಕಕ್ಕೆ ಹೋಗ್ಲಾ? ಅಲ್ಲೇನು ಅಕ್ಕಿ ಸಿಗಲ್ವಾ?" ಎಂದು ಸೆರಗನ್ನು ಕೊಡವಿ ಎಲ್ಲವನ್ನೂ ತಟ್ಟೆಗೆ ಸುರಿದುಬಿಟ್ಟೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದು ಹಿಡಿನಾದ್ರೂ ಇಟ್ಕೊಳೆ," ಎಂದಳು. ಟ್ಯಾಕ್ಸಿ ಬಂದು ಹಾರನ್ ಹೊಡೆಯುತ್ತಿತ್ತು. "ಮುಂದಿನ ಸಲ ಬಂದಾಗ ಇಟ್ಕೋತೀನಿ, ಬಿಡಮ್ಮ," ಎಂದು ಎದ್ದೆ.

ಮುಂದಿನ ಸಲ ಎಂಬುದು ಬರಲಿಲ್ಲ. ನಾನು ಬಂದ ಎರಡನೆಯ ಚಳಿಗಾಲದಲ್ಲಿ ಅಮ್ಮ ಹೋದಳು. ಅಣ್ಣನ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಅಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಆಮೇಲೆ ಇವರು ಎರಡು ಸಲ, ಊರಿಗೆ ಹೋಗಿ ಬರೋಣ ಎಂದರು. ನಾನೇ ಒಲ್ಲೆ ಎಂದೆ. ಹೋಗಿ ಯಾರ ಮುಂದೆ ಸೆರಗೊಡ್ಡಲಿ? ಕೊಟ್ಟಾಗ ಕೊಡವಿ ಬಂದವಳು ನಾನು. ಊರಿಗೆ ಹೋಗುವ ಆಸೆಯಿಂದ ಎದೆ ಹಿಂಡುತ್ತಿತ್ತು, ಹೋಗೋಣ ಎಂದರೆ ಬೇಡ ಎನ್ನುತ್ತಿದ್ದೆ. ಬೇಳೆಗಾಗಿ ಐದು ಗಂಟೆ ಡ್ರೈವ್ ಮಾಡಿಕೊಂಡು ಷಿಕಾಗೋಕ್ಕೆ ಹೋಗುತ್ತಿದ್ದೆವಲ್ಲ, ಆ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದೆ. ಮಿಷಿಗನ್ನಿನ ಬೋಳು ಹೊಲಗಳಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಕ್ರಿಸ್‌ಮಸ್ಸಿಗೆ ಕಂಪನಿ ಬಾಗಿಲು ಹಾಕಿತು, ಹತ್ತು ದಿನ ರಜೆ. "ಬೆಂಗಳೂರು ಬ್ಯಾಡಂತಿ. ಹಂಗಾದ್ರ ಆ ಚಿಕ್ಕಮ್ಮನ ಅಂಗಳಕ್ಕ ಹೋಗಿ ಏಲಕ್ಕಿ ನಿಂದೋ ಅಕೀದೋ ಒಂದು ತೀರ್ಮಾನ ಮಾಡ್ಕೊಂಡು ಬರೋಣ ನಡಿ," ಎಂದರು ಇವರು. ಆ ಚಿಕ್ಕಮ್ಮ ಕೋಬಾನ್ ಎಂಬ ಬೆಟ್ಟದೂರಿನಲ್ಲಿ ಮೂರು ಕೋಣೆಯ ವಸತಿಗೃಹ ನಡೆಸುತ್ತಿದ್ದಳು. ಸಹೋದ್ಯೋಗಿ ಅವಳಿಗೆ ಕಾಗದ ಬರೆದ. ಕಾರನ್ನು ಷಿಕಾಗೋದ ಗೆಳೆಯರ ಮನೆಯಲ್ಲಿ ಬಿಟ್ಟು, ಮೆಕ್ಸಿಕೋದಲ್ಲಿ ವಿಮಾನ ಬದಲಿಸಿ ಹೋದೆವು.

ಗ್ವಾಟೆಮಾಲಾ ನಗರದಿಂದ ಕೋಬಾನ್‌ಗೆ ಇಡೀ ದಿನದ ಬಸ್ಸು. ಅರ್ಧ ದಾರಿ ಮಣ್ಣು ರಸ್ತೆ. ಬಸ್ಸಿನ ಮೇಲೆ ನಮ್ಮ ಸೂಟ್‌ಕೇಸಿನ ಪಕ್ಕ ಕೋಳಿಗಳ ಬುಟ್ಟಿ, ಒಳಗೆ ಮೂರು ಜನರ ಸೀಟಿನಲ್ಲಿ ಐದು ಜನ. ನನಗೆ ಎಷ್ಟೋ ಖುಷಿಯಾಯಿತು, ಪರದೇಶಕ್ಕೆ ಬಂದ ಮೇಲೆ ಮೊದಲ ಸಲ ಪರರ ಮೊಣಕೈ ನನ್ನ ಪಕ್ಕೆಗೆ ತಿವಿಯಿತು. ಡಿಯರ್‌ಬಾರ್ನ್‌ನಲ್ಲಿ ನಾಲ್ಕು ವರ್ಷದಿಂದ ನನ್ನನ್ನು ಯಾರೂ ತಳ್ಳಿಯೇ ಇರಲಿಲ್ಲ.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅರವತ್ತು ದಾಟಿದ ಕುಳ್ಳಗಿನ ಹೆಂಗಸು, ಬಿಳಿ ಕುಪ್ಪಸ, ಒತ್ತು ನೆರಿಗೆಯ ಲಂಗ, ಬೆನ್ನಿಗೆ ಉದ್ದ ಜಡೆ. ನನ್ನ ಸೀರೆಯ ಅಂಚನ್ನು ಹಿಡಿದು ಬೆರಳಿನಿಂದ ಉಜ್ಜಿ ನೋಡಿ, ನೇಯ್ಗೆ ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ಮನೆಯ ನಡುವಂಗಳದಲ್ಲಿ ಗೋಣಿ ಹಾಸಿ ಏನೋ ಒಣಗಿಸಿದ್ದರು. ನಾನು ನೋಡುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಹಸಿರು ಹಸಿರು ಏಲಕ್ಕಿ, ಒಂದು ಗೋಣಿ ತುಂಬ! ಡಿಟ್ರಾಯ್ಟ್‌ನಲ್ಲಿ ಸಣ್ಣ ಗಾಜಿನ ಶೀಶೆಯಲ್ಲಿ ಬಿಳಿಚಿಕೊಂಡ ಹತ್ತು ಕಾಯಿ ಸಿಕ್ಕರೆ ದೇವರಿಗೆ ಕೈಮುಗಿಯುತ್ತಿದ್ದವಳು ನಾನು.

"ಸೋತಿ, ಒಪ್ಕೋ," ಎಂದು ಇವರು ಪಿಸುಗುಟ್ಟಿದರು.

ಆದರೆ ಸೋಲಲಿಲ್ಲ. ಇವರ ಹತ್ತಿರ ಸ್ಪ್ಯಾನಿಷ್ ಮಾತುಗಳ ಒಂದು ಕಿರುಪುಸ್ತಕವಿತ್ತು. ಅದರಲ್ಲಿ ಹುಡುಕಿ ಹುಡುಕಿ, ಇದು ಎಲ್ಲಿಂದ ಬಂತು ಎಂದು ಕೇಳಿದರು. ಚಿಕ್ಕಮ್ಮನ ಸ್ಪ್ಯಾನಿಷ್ ಕೂಡ ನಮ್ಮಷ್ಟೇ, ಮನೆಮಾತು ಬೇರೆ. ಅವಳು ಕೈಯಲ್ಲಿ ಹಡಗು ಮಾಡಿ, ಅಲೆ ಮಾಡಿ, ಕೊನೆಗೆ ನನ್ನತ್ತ ಬೆರಳು ತೋರಿಸಿ ನಕ್ಕಳು. ಅವಳ ಅಪ್ಪನ ಕಾಲದಲ್ಲಿ ನಮ್ಮ ಕಡೆಯಿಂದ ಗಿಡ ಬಂದಿತ್ತಂತೆ. ನಾನು ಬೀಗುತ್ತ ಇವರತ್ತ ತಿರುಗಿದೆನೋ ಇಲ್ಲವೋ, ಅವಳು ನನ್ನ ಕೈ ಹಿಡಿದು ಹಿತ್ತಿಲ ಚಪ್ಪರದ ಕೆಳಗೆ ನಿಲ್ಲಿಸಿದಳು. ತಲೆಯ ಮೇಲೆ ಜೋತಾಡುತ್ತಿದ್ದದ್ದು ಸೀಮೆಬದನೆಕಾಯಿ! ಅಮ್ಮ ವಾರಕ್ಕೆರಡು ದಿನ ಕೂಟು ಮಾಡುತ್ತಿದ್ದ, ನಾನು ಮೂಗು ಮುರಿಯುತ್ತಿದ್ದ ಸೀಮೆಬದನೆಕಾಯಿ. ಅದು ಅವರದಂತೆ. ಅಜ್ಜ ಮುತ್ತಜ್ಜಂದಿರ ಕಾಲಕ್ಕೂ ಹಿಂದಿನಿಂದ ಅವರದೇ.

"ಹೌದ? ಹಂಗಾದ್ರ ಕೊಟ್ಟು ತೊಗೊಂಡು ಬೀಗರಾಗೀವಿ ಬಿಡು!" ಎಂದು ಇವರು ಚಪ್ಪಾಳೆ ತಟ್ಟಿದರು. ಆ ಜಗಳ ಅಲ್ಲಿಗೆ ಮುಗಿಯಿತು.

ಐದು ದಿನ ಇದ್ದೆವು. ಮರುದಿನದಿಂದ ಜಿಟಿಜಿಟಿ ಸೋನೆ, ಎಲ್ಲೂ ಹೋಗುವಂತಿರಲಿಲ್ಲ, ನನಗೆ ಹೋಗುವುದೂ ಬೇಕಿರಲಿಲ್ಲ. ಬೆಳಗ್ಗೆ ಅಡುಗೆಮನೆಯಲ್ಲಿ ಚಿಕ್ಕಮ್ಮ ಮೆಕ್ಕೆಜೋಳದ ರೊಟ್ಟಿ ತಟ್ಟುವ ಸಪ್ಪಳ ಕೇಳಿ ಇವರು ಹಾಸಿಗೆಯಲ್ಲೇ ಎದ್ದು ಕೂತುಬಿಡುತ್ತಿದ್ದರು. "ನಮ್ಮವ್ವನ ಕೈ ಕೇಳಿದಂಗ ಆಗ್ತದ ನೋಡು," ಎಂದು ಒಂದು ದಿನ ಹೇಳಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಈ ಮನುಷ್ಯನಿಗೂ ಊರಿನ ನೆನಪು ಕಾಡುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನನ್ನದೊಬ್ಬಳದೇ ದುಃಖ ಎಂದು ತಿಳಿದುಕೊಂಡಿದ್ದೆ. ಆವತ್ತು ಚಿಕ್ಕಮ್ಮನನ್ನು ಕೇಳಿ ಅವಳ ಒಲೆಯ ಮೇಲೆ ಸೀಮೆಬದನೆಕಾಯಿಯ ಕೂಟು ಮಾಡಿದೆ. ಸಾಸಿವೆ ಇಲ್ಲ, ಇಂಗು ಇಲ್ಲ. ಅವಳು ಎರಡು ಸಲ ಹಾಕಿಸಿಕೊಂಡು ತಿಂದಳು. ನಾನು ತಟ್ಟೆ ಮುಂದಿಟ್ಟುಕೊಂಡು, ಅಮ್ಮ ಎದುರಿಗೆ ಕೂತು ತಿನ್ನು ತಿನ್ನು ಎಂದು ಗೋಗರೆಯುತ್ತಿದ್ದದ್ದನ್ನು ನೆನೆದು ಅತ್ತೆ.

ಚಿಕ್ಕಮ್ಮ ಯಾಕೆ ಎಂದು ಕೇಳಲಿಲ್ಲ. ಕೇಳಲು ಅವಳಿಗೆ ಭಾಷೆಯೂ ಇರಲಿಲ್ಲ. ಒಲೆಯ ಹೊಗೆಯನ್ನು ಬೀಸಣಿಗೆಯಿಂದ ಆ ಕಡೆ ಅಟ್ಟಿದಳು, ಹೊಗೆಗೇ ಕಣ್ಣೀರು ಬಂತು ಎನ್ನುವ ಹಾಗೆ.

ಹೊರಡುವ ಬೆಳಗ್ಗೆ ಸೂಟ್‌ಕೇಸು ಬಸ್ಸಿನ ಮೇಲೇರಿತ್ತು. ಚಾಲಕ ಹಾರನ್ ಹೊಡೆಯುತ್ತಿದ್ದ. ಅಷ್ಟರಲ್ಲಿ ಚಿಕ್ಕಮ್ಮ ಒಳಗಿನಿಂದ ಬುಟ್ಟಿ ಹಿಡಿದುಕೊಂಡು ಓಡಿ ಬಂದಳು. ಅದರಲ್ಲಿ ಸೀಮೆಬದನೆಕಾಯಿ, ಅದರ ಮೇಲೆ ಏಲಕ್ಕಿ, ಹಸಿಯದೂ ಒಣಗಿದ್ದೂ ಸೇರಿ. ನನ್ನ ಹತ್ತಿರ ಚೀಲ ಇರಲಿಲ್ಲ. ಯೋಚಿಸಲೇ ಇಲ್ಲ, ಕೈ ತಾನಾಗಿ ಹೋಗಿ ಸೆರಗು ಹಿಡಿದು ಒಡ್ಡಿತು. ಅವಳು ಬೊಗಸೆಯಲ್ಲಿ ಎತ್ತಿ ಎತ್ತಿ ಸುರಿದಳು.

ಒಂದು ಹಿಡಿ ತೆಗೆದು ಅವಳ ಬುಟ್ಟಿಗೆ ಮರಳಿ ಹಾಕಿದೆ. ಬೇಡ ಅಂದೆನೆಂದು ತಿಳಿದು ಅವಳು ಮುಖ ಗಂಟಿಕ್ಕಿ ಎರಡು ಹಿಡಿ ಹಾಕಿದಳು. ನಾನು ಮತ್ತೆ ಒಂದು ಹಿಡಿ ಅವಳ ಬುಟ್ಟಿಗೆ. ಅವಳು ಮತ್ತೆ ನನ್ನ ಸೆರಗಿಗೆ. ಈ ಸಲ ಒಳ್ಳೆ ಜೋರಾಗಿಯೇ ಏನೋ ಬೈದಳು.

"ಸಾಕು ಮಾರಾಯ್ತಿ, ಉಡಿ ತುಂಬೋದು ಅಕಿಗೇನು ಗೊತ್ತು? ಬಸ್ ಹೋಗ್ತದ!" ಎಂದು ಇವರು ಬಾಗಿಲಿನಿಂದ ಕೂಗಿದರು.

ಅವಳ ಕಾಲು ಮುಟ್ಟಿ ನಮಸ್ಕರಿಸಿ ಬಸ್ಸು ಹತ್ತಿದೆ. ಇಡೀ ದಿನ ಸೆರಗಿನ ಗಂಟನ್ನು ಬಿಚ್ಚಲಿಲ್ಲ. ನಗರದಲ್ಲಿ ಒಂದು ಹೊಸ ಟವೆಲ್ ಕೊಂಡು ಅದಕ್ಕೆ ವರ್ಗಾಯಿಸಿ, ವಿಮಾನದಲ್ಲೂ ತೊಡೆಯ ಮೇಲೇ ಇಟ್ಟುಕೊಂಡೆ. ಮನೆ ಮುಟ್ಟಿ ದೇವರ ಮುಂದೆ ಇಡುವ ತನಕ ಕೆಳಗಿಡಬಾರದು ಎಂದು ಅಮ್ಮ ಹೇಳುತ್ತಿದ್ದಳು. ಈ ಸಲವಾದರೂ ಒಂದು ಕಾಳೂ ಚೆಲ್ಲದಂತೆ ಒಯ್ಯಬೇಕೆಂದು ನಾನು ಹಟ ಹಿಡಿದಿದ್ದೆ.

ಷಿಕಾಗೋ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಅಧಿಕಾರಿ ಟವೆಲ್ಲಿನತ್ತ ಬೆರಳು ಮಾಡಿದ. ನರೆತ ಮೀಸೆಯ ಸಮಾಧಾನದ ಮನುಷ್ಯ. "ಬಿಚ್ಚಿ," ಎಂದ. ಹಸಿ ತರಕಾರಿ ಒಳಗೆ ಬಿಡುವುದಿಲ್ಲ ಎಂಬ ನಿಯಮ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಇವರು ಮೊಣಕೈಯಿಂದ ತಿವಿಯುತ್ತಿದ್ದರೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, "ಇದು ತರಕಾರಿ ಅಲ್ಲ. ನನ್ನ ತಾಯಿಯ ಮನೆಯಿಂದ ಬಂದದ್ದು."

"ನಿಮ್ಮ ತಾಯಿ ಗ್ವಾಟೆಮಾಲಾದಲ್ಲಿದ್ದಾರಾ?"

"ಇಲ್ಲ," ಎಂದೆ. ಆಮೇಲೆ, "ನನ್ನ ತಾಯಿ ತೀರಿಕೊಂಡರು," ಎಂದೆ. ಅಷ್ಟು ವರ್ಷಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೊದಲ ಸಲ ಹೇಳಿದ್ದು ಹೀಗೆ, ಪರಭಾಷೆಯಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬ ಅಧಿಕಾರಿಗೆ.

ಅವನು ಸೀಮೆಬದನೆಕಾಯಿಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ತೊಟ್ಟಿಗೆ ಹಾಕಿದ, ಎಸೆಯಲಿಲ್ಲ, ಇಟ್ಟ. ಇನ್ನೂ ಒಣಗದ ಹಸಿ ಏಲಕ್ಕಿಯನ್ನೂ ಆರಿಸಿ ತೆಗೆದ. ಟವೆಲ್ಲಿನ ಮಡಿಕೆಯಲ್ಲಿ ಒಣಗಿದ ಕಾಯಿಗಳಷ್ಟೇ ಉಳಿದವು. ಅವುಗಳನ್ನು ಒಟ್ಟುಮಾಡಿ, ಮೂಗಿನ ಹತ್ತಿರ ಹಿಡಿದು ಮೂಸಿ, ನನ್ನ ಅಂಗೈ ಚಾಚಲು ಹೇಳಿ ಅದರೊಳಗೆ ಸುರಿದ. ಸರಿಯಾಗಿ ಒಂದು ಹಿಡಿ.

"ಇದನ್ನು ನೀವು ಇಟ್ಟುಕೊಳ್ಳಬಹುದು," ಎಂದ.

ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಇವರು ನನ್ನ ಭುಜ ಹಿಡಿದು ಮುಂದಕ್ಕೆ ನಡೆಸುತ್ತಿದ್ದರು. ನಾನು ಹಿಡಿಯನ್ನು ಬಿಗಿಯಾಗಿ ಮುಚ್ಚಿ ಎದೆಗೊತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಇಟ್ಕೊಂಡೆ ಕಣಮ್ಮ," ಎಂದೆ.