ಯಾವ ಮನೆ ಮುಂದೂ ಇಲ್ಲದ ರಂಗೋಲಿ

ನನಗೆ ಮೂಗಿನ ತುದಿಯಲ್ಲೇ ಕೋಪ. ನಂಜನಗೂಡಿನ ಕಾಲೇಜೊಂದರಲ್ಲಿ ಪಿಯುಸಿಗೆ ಗಣಿತ ಹೇಳಿಕೊಟ್ಟಷ್ಟು ಕಾಲವೂ ಅದನ್ನು ಶಿಸ್ತು ಎಂದು ಕರೆದುಕೊಂಡೆ. ನಮ್ಮದು ದೇವಸ್ಥಾನದ ಬೀದಿಯ ಮನೆ. ದೊಡ್ಡಪ್ಪ ಪೂಜೆಗೆ ನಿಂತವರು, ಅಪ್ಪ ಮೇಷ್ಟರು. ಪ್ರಶ್ನೆ ಕೇಳುವವನಿಗಿಂತ ಉತ್ತರ ಹೇಳುವವನು ದೊಡ್ಡವನು ಎಂಬುದು ಆ ಮನೆಯಲ್ಲಿ ಯಾರೂ ಹೇಳಿಕೊಡದೆ ನನಗೆ ಬಂದಿತ್ತು. ಅದರ ಫಲ ಉಂಡವಳು ಮಾತ್ರ ಬೇರೆ ಊರಿನ ಹುಡುಗಿ.

ತೊಂಬತ್ತರ ದಶಕದ ನಡುವಿನ ಮಾತು. ಗಣಗಳ, ಅಂದರೆ ಸೆಟ್‌ಗಳ ಪಾಠ ಬಂದಾಗ ನನ್ನ ಬಳಿ ಒಂದು ಕಾಯಂ ಉದಾಹರಣೆ ಇತ್ತು, ಮಠದ ಊಟದ ಪಂಕ್ತಿ. ಎಲೆಗಳನ್ನೂ ಎಣಿಸಬೇಡಿ, ಜನರನ್ನೂ ಎಣಿಸಬೇಡಿ ಎನ್ನುತ್ತಿದ್ದೆ. ಎಲೆಗೊಬ್ಬರಂತೆ ಕೂತಾಗ ಎಲೆಯೂ ಮಿಗದೆ ಜನವೂ ಮಿಗದಿದ್ದರೆ ಎರಡೂ ಸಮ. ಈಗ ಕೊನೆಯೇ ಇಲ್ಲದ ಪಂಕ್ತಿ ಅಂದುಕೊಳ್ಳಿ. ಎಲ್ಲ ಎಲೆಯೂ ಭರ್ತಿ, ತಡವಾಗಿ ಇನ್ನೊಬ್ಬರು ಬಂದರು. ಎಲ್ಲರೂ ಒಂದೊಂದು ಎಲೆ ಆಚೆ ಜರುಗಿದರೆ ಮೊದಲನೆಯ ಎಲೆ ಖಾಲಿಯಾಗುತ್ತದೆ, ಬಂದವರು ಕೂರಬಹುದು. ಮಕ್ಕಳಿಗೆ ಇದು ಬಲು ಇಷ್ಟವಾಗುತ್ತಿತ್ತು. ಅದೇ ಖುಷಿಯಲ್ಲಿ ನಾನು ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಸೇರಿಸುತ್ತಿದ್ದೆ: ಅನಂತ ಅಂದರೆ ಅನಂತ, ಅದರಲ್ಲಿ ದೊಡ್ಡದು ಚಿಕ್ಕದು ಅಂತ ಇಲ್ಲ.

ಆ ಮಾತು ಎಲ್ಲಿಂದ ತಂದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಎಮ್ಮೆಸ್ಸಿಯಲ್ಲಿ ಆ ಅಧ್ಯಾಯವನ್ನು ಚಾಯ್ಸ್‌ಗೆ ಬಿಟ್ಟಿದ್ದೆ. ಕೆಲವು ಪ್ರಶ್ನೆ ಬಿಟ್ಟರೂ ಪೂರ್ತಿ ಅಂಕ ಸಿಗುವಾಗ ಎಲ್ಲವನ್ನೂ ಓದುವವನು ದಡ್ಡ ಎಂದು ನಾವೆಲ್ಲ ನಂಬಿದ್ದೆವು. ಬಿಟ್ಟದ್ದು ಬಿಟ್ಟೇ ಹೋಯಿತು.

ಆ ದಿನ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಹದಿನಾರು ಎಂಬ ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಮಾತು ಕಡಿಮೆ. ತಮ್ಮ ಕೇರಿಯ ಒಂದು ಪದ್ಧತಿ ಹೇಳಿದಳು. ಧನುರ್ಮಾಸದಲ್ಲಿ ಪ್ರತಿ ಮನೆಯ ಮುಂದೆಯೂ ರಂಗೋಲಿಗೆ ಒಂದು ಅಂಚು ಎಳೆಯುತ್ತಾರೆ, ಸಾಲಾಗಿ ಚುಕ್ಕಿಗಳು. ಒಂದೊಂದು ಚುಕ್ಕಿಗೂ ಒಂದೋ ಹೂವು ಬಿಡಿಸಬೇಕು, ಇಲ್ಲವೇ ಚುಕ್ಕಿಯನ್ನು ಹಾಗೇ ಬಿಡಬೇಕು. ಒಂದು ಮನೆಯ ಅಂಚು ಇನ್ನೊಂದು ಮನೆಯ ಮುಂದೆ ಬರಕೂಡದು, ಬಂದರೆ ಹೆಂಗಸರು ದಿನವಿಡೀ ಆಡಿಕೊಳ್ಳುತ್ತಾರೆ. ಇವಳ ಮನೆ ಕೇರಿಯ ಕೊನೆಯಲ್ಲಿದ್ದುದರಿಂದ ಇವಳದೇ ಕೊನೆಯ ಸರದಿ. ಎಲ್ಲರ ಅಂಚನ್ನೂ ನೆನಪಿಡುವುದು ಯಾರಿಂದಾದೀತು? ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದಳು. ಮೊದಲನೆಯ ಮನೆಯಲ್ಲಿ ಮೊದಲ ಚುಕ್ಕಿ ಮಾತ್ರ ನೋಡುವುದು. ಅಲ್ಲಿ ಹೂವಿದ್ದರೆ ತಾನು ಬಿಡುವುದು, ಇಲ್ಲದಿದ್ದರೆ ಹಾಕುವುದು. ಎರಡನೆಯ ಮನೆಯಲ್ಲಿ ಎರಡನೆಯ ಚುಕ್ಕಿ, ಮೂರನೆಯದರಲ್ಲಿ ಮೂರನೆಯದು. ಹೀಗೆ ಬಂದರೆ ತನ್ನ ಅಂಚು ಪ್ರತಿ ಮನೆಯದಕ್ಕಿಂತ ಒಂದು ಚುಕ್ಕಿಯಲ್ಲಾದರೂ ಬೇರೆಯಾಗಿರುತ್ತದೆ.

“ಕೇರಿ ಮುಗೀದೇ ಇದ್ರೂ, ಚುಕ್ಕಿ ಸಾಲು ಮುಗೀದೇ ಇದ್ರೂ ಇಂಗೇ ಮಾಡ್ಬೋದು ಸಾ. ನಂದು ಯಾವ ಮನೆ ಮುಂದೂ ಇರಲ್ಲ. ಅಂಗಾರೆ ಮನೆಗಿಂತ ರಂಗೋಲಿನೇ ಜಾಸ್ತಿ ಅಲ್ವಾ?”

ಅವಳು ಕೇಳಿದ್ದು ಎಂಥ ಪ್ರಶ್ನೆ ಎಂದು ಇವತ್ತು ಗೊತ್ತು. ಆಗ ನನಗೆ ಹೊಳೆದದ್ದು ನನ್ನ ಪಂಕ್ತಿ ಒಂದೇ. ಎಲ್ಲ ಮನೆಯವರನ್ನೂ ಒಂದೊಂದು ಮನೆ ಆಚೆ ಜರುಗಿಸಿ, ನಿನ್ನ ರಂಗೋಲಿಯನ್ನು ಮೊದಲ ಮನೆಯ ಮುಂದೆ ಹಾಕು, ಮುಗಿಯಿತಲ್ಲ ಎಂದೆ. ಅವಳು ಒಂದು ಕ್ಷಣವೂ ತಡೆಯದೆ, ಆಗ ಇನ್ನೊಂದು ಬಿಡಿಸುತ್ತೇನೆ ಎಂದಳು. ಎಷ್ಟು ಸಲ ಬಿಡಿಸುತ್ತೀಯ ಎಂದು ಕೇಳಿದೆ. ನೀವು ಎಷ್ಟು ಸಲ ಜರುಗಿಸಿದರೂ ಎಂದಳು. ಕ್ಲಾಸು ಗೊಳ್ಳೆಂದು ನಕ್ಕಿತು. ನಕ್ಕದ್ದು ನನ್ನನ್ನು ನೋಡಿ.

ಅಷ್ಟು ಸಾಕಾಯಿತು. ಅಧಿಕಪ್ರಸಂಗಿ ಎಂದೆ, ರಂಗೋಲಿ ಹಾಕುವುದಿದ್ದರೆ ಮನೆಯಲ್ಲೇ ಇರು, ಬಸ್ ಚಾರ್ಜಾದರೂ ಉಳಿಯುತ್ತದೆ ಎಂದೆ. ಇನ್ನೂ ಏನೇನೋ ಅಂದೆ. ಅವಳು ಕೂತಳು. ಮುಂದೆ ನನ್ನ ಕ್ಲಾಸಿನಲ್ಲಿ ಮತ್ತೆ ಏಳಲೇ ಇಲ್ಲ.

ಎರಡನೆಯ ವರ್ಷದ ಪರೀಕ್ಷೆ ಹತ್ತಿರವಾದಾಗ ಅವಳ ಅಪ್ಪ ಸ್ಟಾಫ್ ರೂಮಿಗೆ ಬಂದರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ದಿನಗೂಲಿ, ಪಾಳಿ ಮುಗಿಸಿ ನೇರ ಬಂದಿದ್ದರು. ಕುರ್ಚಿ ಇದ್ದರೂ ಅವರು ಕೂರಲಿಲ್ಲ, ಕೂರಿ ಎಂದು ನಾನೂ ಹೇಳಲಿಲ್ಲ. ಮಗಳು ಮೈಸೂರಿನಲ್ಲಿ ಬಿಎಸ್ಸಿ ಸೇರಿ ಗಣಿತವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಳಂತೆ. ಟೈಲರಿಂಗ್ ಕಲಿಸಿ ಮದುವೆ ಮಾಡೋಣ ಎನ್ನುವುದು ಮನೆಯವರ ಮಾತು.

“ನಂಗೆ ತಿಳಿಯಲ್ಲ ಸಾ. ಲೆಕ್ಕ ಅವ್ಳ ತಲೆಗೆ ಅತ್ತುತ್ತೆ ಅಂತ ನೀವ್ ಒಂದು ಮಾತು ಏಳಿ, ಓದುಸ್ತೀನಿ. ಬ್ಯಾಡ ಅಂದ್ರೆ ಬ್ಯಾಡ.”

ಅವಳ ಅಂಕಗಳಿದ್ದ ರಿಜಿಸ್ಟರು ಮೇಜಿನ ಮೇಲೇ ಇತ್ತು. ತೆರೆಯಲಿಲ್ಲ. ಕ್ಲಾಸಿನ ಆ ನಗು ವರ್ಷ ಕಳೆದರೂ ನನ್ನ ಕಿವಿಯಲ್ಲಿತ್ತು. ನಿಮ್ಮ ಹುಡುಗಿಗೆ ವಾದ ಬರುತ್ತೆ, ಗಣಿತ ಬರುವುದಿಲ್ಲ ಎಂದೆ. ಆ ಮನುಷ್ಯ ಕೈಮುಗಿದು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಮೇಲೆ ಕಾಫಿ ಕುಡಿದೆ, ಅದೂ ನೆನಪಿದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಮೈಸೂರಿನಲ್ಲಿ ನಮಗೆಲ್ಲ ತರಬೇತಿ ಹಾಕಿದರು. ರೈಲಿನಲ್ಲಿ ಗೊಣಗಿಕೊಂಡೇ ಹೋದೆ. ಪಾಠ ಮಾಡಿದವನು ನನಗಿಂತ ತುಂಬ ಚಿಕ್ಕವನು. ಬೋರ್ಡಿನ ಮೇಲೆ ಸೊನ್ನೆ ಒಂದುಗಳ ಕೊನೆಯಿಲ್ಲದ ಸಾಲುಗಳನ್ನು ಒಂದರ ಕೆಳಗೊಂದು ಬರೆದ. ಮೊದಲನೆಯ ಸಾಲಿನ ಮೊದಲ ಅಂಕಿ, ಎರಡನೆಯದರ ಎರಡನೆಯದು, ಹೀಗೆ ಓರೆಯಾಗಿ ಇಳಿಯುತ್ತ ಸೊನ್ನೆ ಇದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ ಮಾಡಿದ. ಈ ಹೊಸ ಸಾಲು ಪಟ್ಟಿಯಲ್ಲಿ ಎಲ್ಲೂ ಇಲ್ಲ, ಆದ್ದರಿಂದ ಅನಂತಗಳಲ್ಲೂ ದೊಡ್ಡದು ಚಿಕ್ಕದು ಇವೆ ಎಂದ. ನೂರು ವರ್ಷಕ್ಕೂ ಹಿಂದೆ ಒಬ್ಬ ಜರ್ಮನ್ ಗಣಿತಜ್ಞ ಕಂಡುಕೊಂಡದ್ದಂತೆ. ನಾನು ಚಾಯ್ಸ್‌ಗೆ ಬಿಟ್ಟಿದ್ದ ಅಧ್ಯಾಯ. ಬೋರ್ಡಿನಲ್ಲಿ ನನಗೆ ಅಂಕಿಗಳು ಕಾಣಲಿಲ್ಲ, ಹದಿನಾರಿನ ಮನೆಗಳು ಕಂಡವು.

ಹೋಗಿ ಹೇಳಬೇಕು ಎಂದುಕೊಂಡವನು ಎರಡು ವರ್ಷ ಹೋಗಲಿಲ್ಲ. ನಾಚಿಕೆ, ಮತ್ತೇನು. ಕೊನೆಗೊಂದು ಭಾನುವಾರ ಹದಿನಾರಿಗೆ ಹೋದೆ. ಅವಳ ಅಪ್ಪ ತೀರಿಕೊಂಡಿದ್ದರು. ಪಕ್ಕದ ಮನೆಯಾಕೆ, ಅವಳನ್ನು ಟಿ. ನರಸೀಪುರಕ್ಕೆ ಕೊಟ್ಟಿದೆ, ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುತ್ತಾಳೆ ಎಂದರು.

ಅಂಗಡಿ ಸಣ್ಣದು. ಒಂದು ಮೆಷಿನ್ನು, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅಪ್ಪನ ಫೋಟೊ. ನನ್ನನ್ನು ಕಂಡ ಕೂಡಲೇ ಎದ್ದು ಸ್ಟೂಲು ಒರೆಸಿ ಕೂರಿಸಿದಳು. ನಾನು ಜೇಬಿನಿಂದ, ತರಬೇತಿಯಲ್ಲಿ ಬರೆದುಕೊಂಡಿದ್ದ ಆ ಪಾಠದ ಹಾಳೆ ತೆಗೆದು, ಅವತ್ತು ನೀನು ಹೇಳಿದ್ದು ಸರಿ ಕಣಮ್ಮ, ನಾನೇ ತಪ್ಪು ಎಂದೆ. ಅವಳು ಹಾಳೆಯನ್ನು ಮೇಲಿನಿಂದ ಕೆಳಗೆ ಓರೆಯಾಗಿಯೇ ನೋಡಿದಳು.

“ಸರಿ ಅಂತ ಅವತ್ತೇ ಗೊತ್ತಿತ್ತು ಸಾ. ನಿಮ್ಗೂ ಗೊತ್ತು ಅನ್ಕಂಡಿದ್ದೆ.”

ಅವಳ ಅಪ್ಪ ಸಾಯುವವರೆಗೂ ಹಾಗೇ ತಿಳಿದಿದ್ದರಂತೆ. ಅಷ್ಟು ಓದಿದ ಮೇಷ್ಟರಿಗೆ ಗೊತ್ತಾಗದೆ ಇರುತ್ತದೆಯೇ, ದೇವಸ್ಥಾನದ ಬೀದಿಯವರು, ನಮ್ಮ ಕೇರಿಯ ಹುಡುಗಿ ಮೇಲೆ ಬರುವುದು ಬೇಡವಾಗಿತ್ತು ಎಂದು. ಇಲ್ಲಮ್ಮ, ಹಾಗಲ್ಲ, ನನಗೆ ನಿಜವಾಗಿ ಗೊತ್ತಿರಲಿಲ್ಲ ಎಂದೆ. ಅನ್ನುವಾಗಲೇ, ಅವರನ್ನು ಕೂರಿಸದೆ ಕಳಿಸಿದ ಸ್ಟಾಫ್ ರೂಮಿನ ಆ ಖಾಲಿ ಕುರ್ಚಿ ಕಣ್ಣಿಗೆ ಬಂತು.

ಅವಳು ಸೀಮೆಸುಣ್ಣದ ತುಂಡು ತೆಗೆದುಕೊಂಡು ಕತ್ತರಿಸುವ ಹಲಗೆಯ ಮೇಲೆ ಎರಡು ಗೀಟು ಎಳೆದಳು, ಕೆಳಗಿನದು ಚಿಕ್ಕದು, ಮೇಲಿನದು ದೊಡ್ಡದು. ಇದು ಮನೆಗಳು, ಇದು ರಂಗೋಲಿಗಳು ಎಂದಳು. ನಡುವಿನ ಜಾಗದ ಮೇಲೆ ಬೆರಳಿಟ್ಟು ಕೇಳಿದಳು:

“ಮನೆಗಿಂತ ಜಾಸ್ತಿ, ರಂಗೋಲಿಗಿಂತ ಕಮ್ಮಿ, ಅಂಗೆ ಮಧ್ಯದಲ್ಲಿ ಏನಾರ ಇದ್ಯಾ ಸಾ?”

ಎಷ್ಟೋ ವರ್ಷ ಬಟ್ಟೆಯ ನಡುವೆ ಕೂತವಳು ಹತ್ತು ನಿಮಿಷದಲ್ಲಿ ನನ್ನನ್ನು ದಾಟಿ ಹೋಗಿದ್ದಳು. ಆ ಪ್ರಶ್ನೆಗೆ ದೊಡ್ಡ ದೊಡ್ಡವರೇ ತಲೆ ಕೆಡಿಸಿಕೊಂಡಿದ್ದಾರೆ, ಗಣಿತದ ಈಗಿನ ನಿಯಮಗಳಿಂದ ಇದೆ ಎಂದೂ ಇಲ್ಲ ಎಂದೂ ತೀರ್ಮಾನಿಸಲಾಗದು ಎಂದು ನಾನು ಆಮೇಲೆ ಓದಿ ತಿಳಿದೆ. ಆ ಹೊತ್ತಿನಲ್ಲಿ ಅದೂ ಗೊತ್ತಿರಲಿಲ್ಲ.

“ಗೊತ್ತಿಲ್ಲಮ್ಮ, ತಿಳ್ಕೊಂಡು ಹೇಳ್ತೀನಿ” ಎಂದೆ.

ಅವಳು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕೋಪವೇನೂ ಇರಲಿಲ್ಲ ಅವಳ ದನಿಯಲ್ಲಿ.

“ಇಷ್ಟೇ ಸಾ, ಗೊತ್ತಿಲ್ಲ ಅಂತ ಅವತ್ತೂ ಏಳ್ಬೋದಿತ್ತು.”