ಆಗಿದ್ದಾಯ್ತು ಬುಡವ್ವ

ಹುಣಸೂರಿನ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವರ್ಷ ಒಂದು ಬೆಳಿಗ್ಗೆ ‘ಇಟ್ ಈಸ್ ವಾಟ್ ಇಟ್ ಈಸ್’ ಎಂಬ ನುಡಿಗಟ್ಟನ್ನು ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿದೆ: ಆಗಿಹೋದದ್ದನ್ನು ಬದಲಿಸಲಾಗದು, ಒಪ್ಪಿಕೊಂಡು ಮುಂದೆ ಹೋಗುವುದು. ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸು ತಪ್ಪಿದರೆ ಹಾಗೆನ್ನಬಹುದು ಎಂದು ಉದಾಹರಣೆಯನ್ನೂ ಕೊಟ್ಟೆ.

“ಮಿಸ್, ನಾನು ಫೇಲಾದ್ರೆ ನಮ್ಮಪ್ಪನ ಮುಂದೆ ಇಂಗೇ ಅನ್ಬೋದಾ?” ಎಂದು ಹಿಂದಿನ ಬೆಂಚಿನವನು ಕೇಳಿದ.

“ಅನ್ನು ಕಣ್ಲಾ. ನಿನ್ ಬೆನ್ನು ಊದ್ಕೊಂಡ್ಮೇಲೆ ನಿಮ್ಮಪ್ಪನೂ ಅಂಗೇ ಅಂತಾರೆ,” ಎಂದ ಪಕ್ಕದವನು. ನಾನೂ ನಕ್ಕೆ.

ಅದೇ ವಾರ, ಚೊಚ್ಚಲ ಹೆರಿಗೆಗೆಂದು ಅಂತರಸಂತೆಯ ನಮ್ಮ ಮನೆಗೆ ಬಂದಿದ್ದ ಅಕ್ಕನಿಗೆ ಸತ್ತ ಮಗು ಹುಟ್ಟಿತು. ಹೆಣ್ಣು. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾಗುವಷ್ಟರಲ್ಲಿ ಅಪ್ಪ ಮತ್ತು ಭಾವ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ತಾಯಿ ಮುಖ ನೋಡಿದರೆ ಮರೆಯುವುದು ಕಷ್ಟ ಎಂದು ಹಿರಿಯರು ತೀರ್ಮಾನಿಸಿದ್ದರು. ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟವಳು ನಾನು. ನಾನು ನೋಡಿದ್ದೆ.

ಮಗುವಿಲ್ಲದಿದ್ದರೂ ಅವ್ವ ಬಾಣಂತನದಲ್ಲಿ ಒಂದನ್ನೂ ಬಿಡಲಿಲ್ಲ. ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹುಯ್ದಳು, ಸಾಂಬ್ರಾಣಿ ಹೊಗೆ ಹಾಕಿದಳು, ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿದಳು. ಮೂರನೆಯ ದಿನ ಅಕ್ಕನಿಗೆ ಹಾಲು ಬಂತು. ಅದು ಇಂಗಲೆಂದು ಅವ್ವ ಅವಳ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು.

ದೊಡ್ಡವ್ವ ದಿನವೂ ಬಂದು ಅಕ್ಕನ ತಟ್ಟೆಯ ಮುಂದೆ ಕೂರುತ್ತಿದ್ದಳು. “ಆಗಿದ್ದಾಯ್ತು ಬುಡವ್ವ. ನಿಂಗಿನ್ನೂ ವಯಸ್ಸದೆ. ಉಣ್ಣು.”

ಅಕ್ಕ ಉಣ್ಣುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ, ಮಗು ಹೇಗಿತ್ತು ಎಂದು. ಭಾವನನ್ನು ಕೇಳಿದಳು, ಅವ್ವನನ್ನು ಕೇಳಿದಳು. ಇಬ್ಬರೂ ಆಗಿದ್ದಾಯ್ತು ಬುಡು ಎಂದರು. ನನ್ನನ್ನು ಕೇಳಿದಾಗ ನಾನೂ ಅದನ್ನೇ ಅಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮಾತನ್ನು ಅವಳೇ ಎಂದಾದರೂ ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ನನ್ನ ಬಾಯಲ್ಲಿ ಅದರ ಅರ್ಥ ‘ಇನ್ನು ಕೇಳಬೇಡ’ ಎಂದಷ್ಟೇ ಆಗಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ, ಅವ್ವ ಕೊಟ್ಟಿಗೆಯಲ್ಲಿದ್ದಾಗ, ಅಕ್ಕನ ಪಕ್ಕ ಹೋಗಿ ಕುಳಿತೆ.

“ಕೂದ್ಲು ಜಾಸ್ತಿ ಇತ್ತು ಕಣಕ್ಕ. ಗದ್ದ ನಿಂದೇ. ಎಡಗೈ ಮುಷ್ಟಿ ಕಟ್ಟಿತ್ತು.”

ಅಕ್ಕ ಅಳಲಿಲ್ಲ. ಗಾಳಿ ತಾಗದಿರಲೆಂದು ಅವ್ವ ಕಿವಿಗೆ ಸುತ್ತಿದ್ದ ಸ್ಕಾರ್ಫನ್ನು ಬಿಚ್ಚಿ ಪಕ್ಕಕ್ಕಿಟ್ಟಳು.

“ಇನ್ನೊಂದ್ಸಲ ಹೇಳು,” ಎಂದಳು. “ನಿಧಾನಕ್ಕೆ ಹೇಳು.”